ನಾಗರಾಜನ ಪಿಸ್ತೂಲಿಗೆ ಪ್ಲೇಟು ಹುಡುಕಿದ್ದು

ವೆಸ್ಟ್‌ಮೀಡ್

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವರನ್ನು ಊರಿನವರು ಮೊದಲು ಕೇಳುವುದು ಕಾಂಗರೂ ನೋಡಿದಿರಾ ಎಂದು. ನೋಡಿದೆ. ಹೆಚ್ಚಿನವು ಹೆದ್ದಾರಿಯ ಅಂಚಿನಲ್ಲಿ ಸತ್ತು ಬಿದ್ದಿದ್ದವು. ಆದರೆ ನಾನು ಆ ದೇಶದಲ್ಲಿ ಅತಿ ಹೆಚ್ಚು ಹೊತ್ತು ಕಣ್ಣಿಟ್ಟು ನೋಡಿದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಲೋಹದ ಪ್ಲೇಟುಗಳನ್ನು. ಅದು ಹೇಗೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಂಗಳೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಮೂವತ್ತೆಂಟು ವರ್ಷಗಳಿಂದ ಊರಿನವರ ಮೂಗಿನ ಮೇಲೆ ಗಾಜು ಕೂರಿಸುತ್ತಾ ಬಂದಿದ್ದೇನೆ. ಮಗಳು ಶರ್ಮಿಳಾ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸ್. ಅವಳು ಟಿಕೆಟ್ ಕಳಿಸಿದಳು, ನನ್ನ ಹೆಂಡತಿ ವಿಮಾನ ಎಂದರೆ ಜಪಸರದ ಕೊಂತ ಹಿಡಿದು ಕೂರುವವಳು, ಹಾಗಾಗಿ ನಾನೊಬ್ಬನೇ ಹೊರಟೆ. ಕಸ್ಟಮ್ಸ್‌ನಲ್ಲಿ ಹಲಸಿನ ಚಿಪ್ಸನ್ನು ಮಾತಿಲ್ಲದೆ ಬಿಟ್ಟ ಅಧಿಕಾರಿ ನನ್ನ ಪೆಟ್ಟಿಗೆಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರ್‌ಗಳನ್ನೂ ಭೂತಗನ್ನಡಿಯನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ. ಗಾಬರಿಯಲ್ಲಿ, "ಐ ಮೇಕ್ ಪೀಪಲ್ ಸೀ" ಎಂದುಬಿಟ್ಟೆ. ಅವನು ನನ್ನನ್ನು ಪಾದ್ರಿ ಎಂದು ತಿಳಿದನೋ ಏನೋ, ತಲೆಬಾಗಿಸಿ ಒಳಗೆ ಬಿಟ್ಟ.

ಶರ್ಮಿಳಾಳ ಫ್ಲ್ಯಾಟು ಸ್ಟೇಷನ್ನಿನ ಪಕ್ಕದಲ್ಲೇ ಇತ್ತು. ಅವಳು ಡ್ಯೂಟಿಗೆ ಹೋದ ಮೇಲೆ ನಾನು ಕಂಡ ಕಂಡ ಬಸ್ಸು ಹತ್ತಿ ಸುತ್ತುವುದು ಅಭ್ಯಾಸವಾಯಿತು. ಅಲ್ಲಿ ನನಗೆ ಬಹಳ ಹಿಡಿಸಿದ ಒಂದು ಪದ್ಧತಿಯೆಂದರೆ, ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು. ಹಿಂದಿನ ಬಾಗಿಲಿನಿಂದ ಇಳಿಯುವವರೂ ಕೂಗಿ ಹೇಳುತ್ತಾರೆ. ನಮ್ಮ ಸಿಟಿ ಬಸ್ಸಿನಲ್ಲಿ ಎರಡನೆಯ ಕಾಲು ನೆಲಕ್ಕೆ ತಾಗುವ ಮೊದಲೇ ಕಂಡಕ್ಟರ್ ಸೀಟಿ ಊದಿರುತ್ತಾನೆ, ಥ್ಯಾಂಕ್ಸ್ ಹೇಳಬೇಕಾದರೆ ಹಿಂದೆ ಓಡಬೇಕು.

ಅಂಥ ಒಬ್ಬ ಬಸ್ ಡ್ರೈವರನ ಮನೆಗೆ ಒಂದು ಭಾನುವಾರ ಊಟಕ್ಕೆ ಕರೆ ಬಂತು. ಶರ್ಮಿಳಾಳ ವಾರ್ಡಿನಲ್ಲಿ ಕೆಲಸ ಮಾಡುವ ಸವಿತಾಳ ಗಂಡ ನಾಗರಾಜ. ದಾವಣಗೆರೆಯ ಕಡೆಯವನು, ಓದಲು ಬಂದು, ಕಾಯಂ ನೆಲೆಸುವ ಪಿಆರ್ ಸಿಕ್ಕಿ ಅಲ್ಲೇ ನಿಂತವನು, ಈಗ ಶಾಲಾ ಮಕ್ಕಳ ಬಸ್ಸು ಓಡಿಸುತ್ತಾನೆ.

ಕೆಲ್ಲಿವಿಲ್

ಸಿಡ್ನಿಯ ಆ ವಾಯುವ್ಯ ಮೂಲೆಗೆ ಮೆಟ್ರೋ ಆಗಿನ್ನೂ ಬಂದಿರಲಿಲ್ಲ. ಕಂಬಗಳು ಎದ್ದಿದ್ದವು, ಕ್ರೇನುಗಳು ನಿಂತಿದ್ದವು. ಮನೆಗೆ ಎರಡರಂತೆ ಕಾರುಗಳು. ಸವಿತಾ ಬಿಸಿಬೇಳೆ ಭಾತ್ ಮಾಡಿದ್ದಳು. ಅವರ ಹನ್ನೊಂದು ವರ್ಷದ ಮಗಳು ಅನ್ವಿತಾ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಸರಿಯಾಗಿಯೇ ಉತ್ತರ ಕೊಟ್ಟಳು.

ಊಟವಾದ ಮೇಲೆ ನಾಗರಾಜ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದ. ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಪಿಸ್ತೂಲು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಮ್ಮೂರಲ್ಲಿ ಪಿಸ್ತೂಲು ಇರುವುದು ಪೊಲೀಸರ ಸೊಂಟದಲ್ಲಿ, ಇಲ್ಲವೇ ಸಿನಿಮಾದಲ್ಲಿ.

"ಹೆದರಬೇಡಿ ಅಂಕಲ್, ಇದು ಸ್ಪೋರ್ಟ್. ನಮ್ಮ ಕ್ಲಬ್‌ನಲ್ಲಿ ಎಪ್ಪತ್ತು ವರ್ಷದ ಅಜ್ಜಿಯರೂ ಇದ್ದಾರೆ," ಎಂದ ನಾಗರಾಜ. "ಆದ್ರೆ ನೀವು ಮುಟ್ಟೋ ಹಾಗಿಲ್ಲ. ಲೈಸೆನ್ಸ್ ಇಲ್ದೋರು ಮುಟ್ಟಂಗಿಲ್ಲ."

"ನನಗೆ ಮುಟ್ಟುವುದೂ ಬೇಡ ಮಾರಾಯ. ನನ್ನನ್ನು ಯಾಕೆ ಕರೆದದ್ದು ಹೇಳು."

ವಿಷಯ ಇಷ್ಟು. ಗುರಿ ಕಾಗದಕ್ಕೆ ಹೊಡೆಯುವ ಈ ಆಟಕ್ಕೆ ಸೇರಿದವರು ವರ್ಷಕ್ಕೆ ಇಂತಿಷ್ಟು ಪಂದ್ಯಗಳಲ್ಲಿ ಭಾಗವಹಿಸಲೇಬೇಕು, ಇಲ್ಲದಿದ್ದರೆ ಲೈಸೆನ್ಸು ಉಳಿಯುವುದಿಲ್ಲ. ನಾಗರಾಜನಿಗೆ ಈಚೆಗೆ ಪಿಸ್ತೂಲಿನ ತುದಿಯಲ್ಲಿರುವ ಸಣ್ಣ ಗುರಿಮೊನೆ ಮಸುಕಾಗತೊಡಗಿತ್ತು. ಕ್ಲಬ್ಬಿನವರು ಕೆಂಪು ಚುಕ್ಕಿಯ ಸೈಟು ಹಾಕಿಕೊಳ್ಳಲು ಹೇಳಿದ್ದರು, ಅವನು ಒಂದನ್ನು ಕೊಂಡು ತಂದಿದ್ದ. ಅದೊಂದು ಪುಟ್ಟ ಗಾಜಿನ ಕಿಟಕಿ. ಒಳಗೆ ನೋಡಿದರೆ ಒಂದು ಕೆಂಪು ಚುಕ್ಕಿ ತೇಲುತ್ತಿರುತ್ತದೆ, ಆ ಚುಕ್ಕಿ ಗುರಿಯ ಮೇಲೆ ಕೂತರೆ ಸಾಕು. ಅದನ್ನು ಪಿಸ್ತೂಲಿನ ಬೆನ್ನ ಮೇಲೆ ನೇರ ಇಡಲಾಗದು, ನಡುವೆ ಒಂದು ಪ್ಲೇಟು ಬೇಕು. ಪಿಸ್ತೂಲಿನ ಜೊತೆ ನಾಲ್ಕೈದು ಪ್ಲೇಟುಗಳು ಬಂದಿದ್ದವು. ಒಂದೊಂದು ಕಂಪೆನಿಯ ಸೈಟಿಗೆ ಒಂದೊಂದು.

"ಎಲ್ಲಾ ಟ್ರೈ ಮಾಡ್ದೆ ಅಂಕಲ್. ಡಾಟ್ ಸರಿಯಾಗಿ ಕೂರ್ತಾನೇ ಇಲ್ಲ. ಪ್ಲೇಟೇ ಸರಿ ಇಲ್ಲ ಅನ್ಸುತ್ತೆ."

ಪ್ಲೇಟು ಮತ್ತು ಸೈಟು ಆಯುಧವಲ್ಲ, ಅವನ್ನು ನಾನು ಮುಟ್ಟಬಹುದಿತ್ತು. ನನ್ನ ಸ್ಕ್ರೂಡ್ರೈವರುಗಳು ಹೊರಬಂದವು. ಸುಳ್ಳೇಕೆ, ಬಹಳ ಖುಷಿಯಾಯಿತು. ಮದುವೆ ದಲ್ಲಾಳಿಯ ಕೆಲಸ ಈ ಪ್ಲೇಟಿನದು. ಕೆಳಗಿನ ಮುಖ ಪಿಸ್ತೂಲಿಗೆ ಹೊಂದಬೇಕು, ಮೇಲಿನ ಮುಖ ಸೈಟಿಗೆ ಹೊಂದಬೇಕು, ತಾನು ಮಾತ್ರ ಕಾಣಬಾರದು. ಮೊದಲನೆಯದರಲ್ಲಿ ಸ್ಕ್ರೂವಿನ ತೂತುಗಳೇ ಕೂಡಲಿಲ್ಲ. ಎರಡನೆಯದರಲ್ಲಿ ತೂತು ಕೂಡಿತು, ಆದರೆ ಸೈಟು ಉಗುರಿನಿಂದ ತಳ್ಳಿದರೂ ಕೂದಲೆಳೆಯಷ್ಟು ಅಲುಗಿತು. ಮೂರನೆಯದರ ಮೇಲೆ ಎರಡು ಪುಟ್ಟ ಮೊಳೆಗಳಿದ್ದವು, ಸೈಟಿನ ಅಡಿಯಲ್ಲಿ ಅದಕ್ಕೆ ತಕ್ಕ ಎರಡು ಕುಳಿಗಳು. ಕೂರಿಸಿದೆ. ಟಕ್ ಎಂದು ಕೂತಿತು. ಸ್ಕ್ರೂ ಹಾಕುವ ಮೊದಲೇ ಅಲುಗಲಿಲ್ಲ. ಸ್ಕ್ರೂಗಳ ಉದ್ದವನ್ನೂ ನೋಡಿದೆ, ಹೆಚ್ಚಾಗಿ ಕೆಳಗೆ ಚುಚ್ಚುತ್ತಿರಲಿಲ್ಲ, ಕಡಿಮೆಯಾಗಿ ಜಾರುತ್ತಿರಲಿಲ್ಲ.

"ಇದೇ ನಿನ್ನ ಪ್ಲೇಟು. ಇದಕ್ಕಿಂತ ಒಳ್ಳೆ ಜೋಡಿ ಸಿಗುವುದಿಲ್ಲ."

ನಾಗರಾಜ ಸೈಟನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇಲ್ಲ ಅಂಕಲ್. ಇನ್ನೂ ಕುಂಕುಮ ಚೆಲ್ಲಿದ ಹಾಗೇ ಕಾಣುತ್ತೆ."

ನಾನು ನೋಡಿದೆ. ನನಗೆ ದುಂಡಗಿನ ಚುಕ್ಕಿ ಕಂಡಿತು. ಆ ಕ್ಷಣವೇ ನನ್ನ ಮೂವತ್ತೆಂಟು ವರ್ಷಗಳು ಕಿವಿಯಲ್ಲಿ ಏನೋ ಹೇಳಿದವು. ಆದರೆ ಹೊಟ್ಟೆ ತುಂಬ ಉಂಡ ಮನೆಯಲ್ಲಿ ಯಜಮಾನನ ಕಣ್ಣಿನ ಬಗ್ಗೆ ಮಾತೆತ್ತುವುದು ಹೇಗೆ? ಸ್ಕ್ರೂಡ್ರೈವರುಗಳನ್ನು ಎತ್ತಿಟ್ಟೆ. ಮುಂದಿನ ಶನಿವಾರ ಮೆಲ್ಬರ್ನಿನಲ್ಲಿ ಪಂದ್ಯವಿದೆ, ಅಲ್ಲಿ ಪ್ಲೇಟುಗಳನ್ನೇ ರಾಶಿ ಹಾಕಿಕೊಂಡಿರುವ ಅಂಗಡಿಯೊಂದಿದೆ, ಕಾರಿನಲ್ಲಿ ಹೋಗುತ್ತೇನೆ, ನೀವೂ ಬನ್ನಿ ಎಂದು ಕರೆದ. ಮೆಲ್ಬರ್ನ್ ನೋಡಿದ ಹಾಗೂ ಆಯಿತು ಎಂದು ಒಪ್ಪಿದೆ.

ಹೆದ್ದಾರಿ

ಪಿಸ್ತೂಲು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಡಿಕ್ಕಿಯೊಳಗೆ, ಗುಂಡುಗಳು ಬೇರೆ ಬೀಗದಲ್ಲಿ, ಪ್ಲೇಟುಗಳು ಮಾತ್ರ ನನ್ನ ಜೇಬಿನಲ್ಲಿ ಬುಗುರಿಯ ಹಾಗೆ. ಗುರುವಾರ ಬೆಳಿಗ್ಗೆ ಹೊರಟೆವು, ಸಂಜೆಗೆ ಮೆಲ್ಬರ್ನ್. ದಾರಿಯುದ್ದಕ್ಕೂ ಒಣಹುಲ್ಲಿನ ಬಯಲು, ಕುರಿ, ಒಂದು ಮರ, ಮತ್ತೆ ಕುರಿ. ನಮ್ಮಲ್ಲಿ ಹತ್ತು ಕಿಲೋಮೀಟರಿಗೊಂದು ಊರು, ಊರಿಗೊಂದು ಹಂಪು. ಇಲ್ಲಿ ಗಂಟೆಗಟ್ಟಲೆ ಹಾರನ್ನೂ ಕೇಳಲಿಲ್ಲ. ಎಷ್ಟು ನಿಶ್ಶಬ್ದವೆಂದರೆ ನಾನೇ ಒಮ್ಮೆ ಕೆಮ್ಮಿ ನೋಡಿದೆ.

ನಾಗರಾಜ ಒಳ್ಳೆಯ ಡ್ರೈವರ್. ಕೈ ಹಗುರ, ಆತುರವಿಲ್ಲ. ಆದರೆ ಹಸಿರು ಬೋರ್ಡು ಬಂದಾಗಲೆಲ್ಲ ಅವನು ಬಾಯಿಬಿಡುವ ಮೊದಲು ನಾನು ಓದಲಿ ಎಂದು ಕಾಯುತ್ತಿದ್ದಾನೆ ಎಂದು ನನಗೆ ಅನ್ನಿಸತೊಡಗಿತು. "ಈ ಕಡೆ ಊರಿನ ಹೆಸರುಗಳು ತಮಾಷೆಯಾಗಿರ್ತವೆ ಅಂಕಲ್, ಓದಿ ನೋಡೋಣ," ಅನ್ನುತ್ತಿದ್ದ. ನಾನೂ ಮಗುವಿನ ಹಾಗೆ ಓದುತ್ತಿದ್ದೆ. ಮಧ್ಯಾಹ್ನದ ಬಿಸಿಲು ಎದುರಾದಾಗ ಅವನು ಬಲಗಣ್ಣನ್ನು ಅರ್ಧ ಮುಚ್ಚಿಯೇ ಓಡಿಸಿದ.

ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನಲ್ಲಿ ಅವನ ಹಳೆಯ ಸಹಪಾಠಿ ಪ್ರಶಾಂತನ ಮನೆ. ಹೊಸ ಬಡಾವಣೆ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳು, ಗಿಡಗಳಿನ್ನೂ ಮೊಣಕಾಲೆತ್ತರ. ನಾಗರಾಜ ಒಂದು ಮನೆಯ ಮುಂದೆ ನಿಲ್ಲಿಸಿ, ಬ್ಯಾಗು ಹೊತ್ತು, ಬೆಲ್ಲು ಒತ್ತಿ, "ಏನೋ, ಊಟ ರೆಡಿನಾ?" ಎಂದು ಜೋರಾಗಿ ಕೇಳಿದ. ಬಾಗಿಲು ತೆರೆದದ್ದು ಬರ್ಮುಡಾ ಹಾಕಿದ ಒಬ್ಬ ಬಿಳಿಯ ಮುದುಕ. ಬಾಗಿಲ ಪಕ್ಕದಲ್ಲಿ ಅಂಗೈಯಗಲದ ಅಂಕಿಗಳಲ್ಲಿ ಮನೆ ನಂಬರು ಬರೆದಿತ್ತು. ಆ ಮುದುಕ ಬೇಸರಿಸಲಿಲ್ಲ, ಈ ಬೀದಿಯಲ್ಲಿ ನಾನೂ ಹಾಗೆ ಮಾಡಿದ್ದೇನೆ ಎಂದು ನಗುತ್ತಾ ಮೂರನೆಯ ಮನೆ ತೋರಿಸಿದ. ನಾವೂ ನಕ್ಕೆವು. ನನ್ನ ನಗು ಮಾತ್ರ ಬೇಗ ನಿಂತಿತು.

ಮೆಲ್ಬರ್ನಿನ ಅಂಗಡಿ

ಮರುದಿನ ಹೋದ ಅಂಗಡಿಯನ್ನು ನಡೆಸುತ್ತಿದ್ದವಳು ಅರುವತ್ತು ದಾಟಿದ ಹೆಲೆನ್. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಕಾಲ ಬಳಿ ಒಂದು ಕುಂಟು ನಾಯಿ. ಗಾಜಿನ ಕೌಂಟರಿನ ಕೆಳಗೆ ಟ್ರೇಗಳಲ್ಲಿ ಪ್ಲೇಟುಗಳು: ಉಕ್ಕಿನವು, ಅಲ್ಯೂಮಿನಿಯಮ್ಮಿನವು, ದಪ್ಪ, ತೆಳು. ನನ್ನ ಅಂಗಡಿಯ ಫ್ರೇಮುಗಳ ಟ್ರೇ ನೆನಪಾಗಿ ಮನೆಗೇ ಬಂದ ಹಾಗಾಯಿತು.

ಹೆಲೆನ್ ಸೈಟನ್ನು ಬೋರಲಾಗಿಸಿ, ನಾವು ತಂದ ಮೂರನೆಯ ಪ್ಲೇಟನ್ನು ಅದರ ಮೇಲೆ ಕೂರಿಸಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ. "ಇದೇ ಸರಿಯಾದ್ದು. ಇನ್ನೊಂದನ್ನು ನಿನಗೆ ಮಾರಿದರೆ ನಾನು ಕಳ್ಳಿ," ಎಂದು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದಳು.

"ಇಲ್ಲ, ಡಾಟ್ ಒಡೆದು ಕಾಣುತ್ತೆ," ಎಂದ ನಾಗರಾಜ. ಅವನ ದನಿಯಲ್ಲಿ ಹಟಕ್ಕಿಂತ ಬೇಡಿಕೆ ಹೆಚ್ಚಿತ್ತು.

ನಾನು ಸೈಟನ್ನು ಕೈಗೆ ತೆಗೆದುಕೊಂಡೆ. "ನಾಗರಾಜ, ಇದನ್ನು ಹಿಡಿದು ನೋಡು. ಚೆಲ್ಲಿದ್ದು ಯಾವ ಕಡೆಗೆ ಉಂಟು?"

"ಮೇಲೆ, ಬಲಕ್ಕೆ."

ಸೈಟನ್ನು ನಿಧಾನವಾಗಿ ಅಡ್ಡಕ್ಕೆ ತಿರುಗಿಸಿದೆ. "ಈಗ?"

"ಈಗಲೂ ಮೇಲೆ, ಬಲಕ್ಕೆ."

ದೋಷ ಗಾಜಿನಲ್ಲಿದ್ದರೆ ಗಾಜಿನ ಜೊತೆ ಅದೂ ತಿರುಗಬೇಕಿತ್ತು. ತಿರುಗಲಿಲ್ಲ. ಎಡಗಣ್ಣಿನಲ್ಲಿ ನೋಡು ಎಂದೆ. ನೋಡಿ, ಸೈಟನ್ನು ಕೆಳಗಿಟ್ಟ. ಹೆಲೆನ್ ನನ್ನ ಮುಖ ನೋಡಿದಳು. ಅವಳಿಗೂ ಗೊತ್ತಾಗಿತ್ತು. ಹೇಳುವುದು ಯಾರ ಕೆಲಸ ಎಂಬುದಷ್ಟೇ ಉಳಿದಿತ್ತು.

ಅಲ್ಲಿ ನಾನು ಒಂದು ತಪ್ಪು ಮಾಡಿದೆ. ಅಂಗಡಿಯವರ ಹಳೆಯ ತಪ್ಪು. ಗಿರಾಕಿಯ ಮುಖ ಸಣ್ಣದಾದರೆ ನಮ್ಮ ಕೈ ತಾನಾಗಿ ಇನ್ನೊಂದು ಫ್ರೇಮಿನ ಕಡೆ ಹೋಗುತ್ತದೆ. "ಈ ಉಕ್ಕಿನದ್ದು ನೋಡು, ಸ್ವಲ್ಪ ತಗ್ಗು ಉಂಟು, ಇದರಲ್ಲಿ ಸರಿಯಾದೀತು," ಎಂದುಬಿಟ್ಟೆ. ನಾಗರಾಜನ ಮುಖ ಅರಳಿತು. ಹೆಲೆನ್ ಪೊಟ್ಟಣ ಕಟ್ಟಿದಳು. ನನ್ನ ಕಡೆ ಮತ್ತೆ ನೋಡಲಿಲ್ಲ.

ಪಂದ್ಯದ ದಿನ

ಊರ ಹೊರಗೆ ಮಣ್ಣಿನ ದಿಬ್ಬಗಳ ನಡುವೆ ಮೈದಾನ. ಗುಲಾಬಿ ಎದೆಯ ಗಿಣಿಗಳು ಬೇಲಿಯ ಮೇಲೆ ಸಾಲಾಗಿ ಕೂತು, ಗುಂಡಿನ ಸದ್ದಿಗೂ ಹಾರದೆ, ಒಂದಕ್ಕೊಂದು ಬೈಯುತ್ತಿದ್ದವು. ಒಂದು ಮೂಲೆಯಲ್ಲಿ ಸಾಸೇಜು, ಈರುಳ್ಳಿ ಸುಡುವ ವಾಸನೆ. ಕೆಂಪು ಟೊಪ್ಪಿಯ ಅಧಿಕಾರಿ ಒಂದು ಮಾತು ಹೇಳಿದರೆ ಸಾಕು, ಎಲ್ಲರೂ ಪಿಸ್ತೂಲು ಕೆಳಗಿಟ್ಟು ಹಿಂದೆ ಸರಿದು ನಿಲ್ಲುತ್ತಾರೆ. ಗುರಿಯ ಕಡೆ ಯಾರಾದರೂ ನಡೆದುಹೋಗುವಾಗ ತನ್ನ ಸ್ವಂತ ಪಿಸ್ತೂಲನ್ನೂ ಯಾರೂ ಮುಟ್ಟುವಂತಿಲ್ಲ. ಪೂಜೆಯ ಹೊತ್ತಿನ ಇಗರ್ಜಿಯಲ್ಲೂ ನಾನು ಅಷ್ಟು ಶಿಸ್ತು ಕಂಡಿಲ್ಲ.

ನಾಗರಾಜನ ಗುರಿ ಕಾಗದ ಬಂತು. ಹತ್ತರಲ್ಲಿ ಮೂರು ಕಪ್ಪು ವೃತ್ತದೊಳಗೆ, ನಾಲ್ಕು ಅಂಚಿನಲ್ಲಿ, ಉಳಿದವು ಎಲ್ಲಿ ಹೋದವೋ ದಿಬ್ಬಕ್ಕೆ ಗೊತ್ತು. ಪಕ್ಕದ ಸಾಲಿನ ಅಜ್ಜಿ ಅವನ ಬೆನ್ನು ತಟ್ಟಿ ಹೋದಳು. ಅವನು ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿ, ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಬಂದು ಕೂತ.

"ಇದೂ ಸರಿ ಇಲ್ಲ ಅಂಕಲ್. ಬೇರೆ ಪ್ಲೇಟ್ ನೋಡ್ಬೇಕು."

ಇನ್ನು ತಡೆಯಲಾಗಲಿಲ್ಲ. ಜೇಬಿನಿಂದ ನನ್ನ ಅಂಗಡಿಯ ವಿಸಿಟಿಂಗ್ ಕಾರ್ಡು ತೆಗೆದು, ನಡುವೆ ಸೂಜಿಪಿನ್ನಿನಿಂದ ಒಂದು ತೂತು ಮಾಡಿದೆ. "ಎಡಗಣ್ಣು ಮುಚ್ಚು. ಈ ತೂತಿನಿಂದ ಆ ಬೋರ್ಡು ನೋಡು. ಮೊದಲಿಗಿಂತ ಸ್ಪಷ್ಟ ಉಂಟಾ?"

"ಇಲ್ಲ. ಮಂಜು ಮಂಜು."

"ಕನ್ನಡಕದಿಂದ ಸರಿಯಾಗುವ ದೋಷವಾದರೆ ಈ ತೂತಿನಲ್ಲಿ ಚೂರಾದರೂ ಸ್ಪಷ್ಟ ಕಾಣುತ್ತದೆ. ಕಾಣುವುದಿಲ್ಲ ಅಂದರೆ ಒಳಗೆ ಏನೋ ಉಂಟು. ಪೊರೆಯೋ, ಇನ್ನೇನೋ, ನಾನು ಹೇಳುವವನಲ್ಲ. ಡಾಕ್ಟರು ನೋಡಬೇಕು. ಪ್ಲೇಟು ಮೊದಲ ದಿನವೇ ಸರಿ ಇತ್ತು ನಾಗರಾಜ."

ಅವನು ಕಾರ್ಡನ್ನು ಮಡಚಿದ. "ನೀವು ಡಾಕ್ಟರಲ್ಲ."

"ಅಲ್ಲ."

"ಮತ್ತೆ? ಬಸ್ ಮೆಡಿಕಲ್‌ನಲ್ಲಿ ನಾನು ಪಾಸ್ ಆಗಿದೀನಿ."

"ಹೇಗೆ ಪಾಸಾದೆ?"

ಬೇಲಿಯ ಮೇಲೆ ಗಿಣಿಗಳ ಜಗಳ ನಡೆದೇ ಇತ್ತು. ಕೊನೆಗೆ ನೆಲ ನೋಡುತ್ತಾ ಹೇಳಿದ. "ಮೊದ್ಲು ಎಡಗಣ್ಣಲ್ಲಿ ಓದಿಸ್ತಾರೆ. ಅದನ್ನೇ ನೆನಪಿಟ್ಕೊಂಡು ಬಲಗಣ್ಣಿಗೂ ಹೇಳ್ದೆ. ಒಂದೇ ಚಾರ್ಟ್ ಅಲ್ವಾ. ಆಗ ಇಷ್ಟು ಇರ್ಲಿಲ್ಲ ಅಂಕಲ್. ಶುಗರ್ ಬಂದ್ಮೇಲೆ ಜಾಸ್ತಿ ಆಯ್ತು. ಈಗೀಗ ಎಡಗಣ್ಣಿಗೂ ದೂರದ್ದು ಮಸುಕು."

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ನನ್ನ ಅಂಗಡಿಯ ಗೋಡೆಯಲ್ಲೂ ಒಂದು ಚಾರ್ಟು ಇದೆ. ಎಷ್ಟೋ ವರ್ಷಗಳ ಹಿಂದೆ ಒಬ್ಬ ಲಾರಿ ಡ್ರೈವರ್ ಬಂದು, ನಾಳೆ ತಪಾಸಣೆ ಇದೆ, ಸ್ವಲ್ಪ ಹೊತ್ತು ಇದರ ಮುಂದೆ ಕೂರಲಾ ಎಂದು ಕೇಳಿದ್ದ. ಬಡವ, ಮೂರು ಮಕ್ಕಳು. ನಾನು ಸ್ಟೂಲು ಹಾಕಿಕೊಟ್ಟೆ. ಅವನು ತಡವರಿಸಿದಲ್ಲಿ ಅಕ್ಷರವನ್ನೂ ಹೇಳಿಕೊಟ್ಟೆ. ಪುಣ್ಯದ ಕೆಲಸ ಎಂದೇ ತಿಳಿದಿದ್ದೆ.

ಇದನ್ನೆಲ್ಲ ನಾಗರಾಜನಿಗೆ ಹೇಳಿದೆ. ಹೆಂಡತಿಗೂ ಹೇಳಿರದ ಮಾತು.

"ಆಮೇಲೆ ಅವನಿಗೆ ಏನಾಯ್ತು?" ಎಂದು ಕೇಳಿದ.

"ಗೊತ್ತಿಲ್ಲ. ಪೇಪರಿನಲ್ಲಿ ಲಾರಿ ಅಪಘಾತ ಅಂತ ಕಂಡಾಗಲೆಲ್ಲ ಡ್ರೈವರನ ಹೆಸರು ಹುಡುಕುತ್ತೇನೆ. ಈಗಲೂ."

ನಾಗರಾಜ ಎದ್ದು ಹೋದ. ಪಂದ್ಯ ಮುಗಿದ ಮೇಲೆ ಎಲ್ಲರ ಜೊತೆ ಸೇರಿ ಪೊರಕೆ ಹಿಡಿದು ಖಾಲಿ ತೋಟಾಗಳನ್ನು ಗುಡಿಸಿದ. ಅಲ್ಲಿ ಗೆದ್ದವರೂ ಸೋತವರೂ ಗುಡಿಸುತ್ತಾರೆ. ಆ ಸಂಜೆ ಪ್ರಶಾಂತನ ಮನೆಯಲ್ಲಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಪರದೇಶದಲ್ಲಿ ಅನ್ನ ಹಾಕಿದವನ ಬದುಕಿಗೆ ಕಲ್ಲು ಹಾಕಿದೆನೇ ಎಂದು ನಾನೂ ಸಂಕಟಪಟ್ಟೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಅವನ ಬಸ್ಸು ಹೊರಡಬೇಕಿತ್ತು, ಅದರಲ್ಲಿ ನಲವತ್ತು ಮಕ್ಕಳು ಹತ್ತಬೇಕಿತ್ತು. ನನಗೆ ಬೇರೇನೂ ನೆನಪಾಗುತ್ತಿರಲಿಲ್ಲ.

ವಾಪಸು

ಭಾನುವಾರ ಬೆಳಿಗ್ಗೆ ಬ್ಯಾಗುಗಳನ್ನು ಡಿಕ್ಕಿಗೆ ಹಾಕಿದ ಮೇಲೆ ನಾನು ಎಂದಿನಂತೆ ಎಡಬದಿಯ ಬಾಗಿಲಿಗೆ ಹೋದೆ. ನಾಗರಾಜ ಅಲ್ಲೇ ನಿಂತಿದ್ದ. ಕೀಲಿಕೈ ನನ್ನ ಕಡೆ ಚಾಚಿದ.

"ನಿಮ್ ಲೈಸೆನ್ಸ್ ತಂದಿದೀರಲ್ವಾ ಅಂಕಲ್? ಇಂಗ್ಲಿಷಲ್ಲಿ ಇದ್ರೆ ಇಲ್ಲಿ ನಡೆಯುತ್ತೆ."

ತಂದಿದ್ದೆ. ಆದರೆ ಮಂಗಳೂರಿನ ಜ್ಯೋತಿ ಸರ್ಕಲ್ಲಿನಲ್ಲಿ ಹಾರನ್ ಒತ್ತಿ ಬದುಕಿದವನು ಈ ಹೆದ್ದಾರಿಯಲ್ಲಿ ಎಲ್ಲಿಗೆ ಸಾಕು! ಮೊದಲ ಒಂದು ಗಂಟೆ ಸ್ಟೀರಿಂಗನ್ನು ಮುಳುಗುವವನು ಹಲಗೆ ಹಿಡಿದ ಹಾಗೆ ಹಿಡಿದಿದ್ದೆ. ಮನೆಯಷ್ಟು ಎತ್ತರದ ಲಾರಿಗಳು ನಮ್ಮನ್ನು ದಾಟುವಾಗ ಕಾರು ನಡುಗುತ್ತಿತ್ತು. ಯಾರೂ ಹಾರನ್ ಮಾಡಲಿಲ್ಲ, ಹಿಂದಿನಿಂದ ದೀಪ ಹೊಡೆಯಲಿಲ್ಲ, ನನ್ನ ನಿಧಾನವನ್ನು ಸಹಿಸಿಕೊಂಡು ಪಕ್ಕದಿಂದ ಹೋದರು.

ರಾಜ್ಯದ ಗಡಿಯ ನದಿ ದಾಟಿದ ಮೇಲೆ ನಾಗರಾಜ ಫೋನು ತೆಗೆದ. ಮೊದಲು ಸವಿತಾಳಿಗೆ. ಕನ್ನಡದಲ್ಲಿ ಎರಡೇ ಮಾತು: "ಕಣ್ಣು ತೋರಿಸ್ಬೇಕು ಕಣೆ. ಬಂದು ಹೇಳ್ತೀನಿ." ಆಮೇಲೆ ಇನ್ನೊಂದು ನಂಬರು ಒತ್ತಿ, ಎದ್ದು ನಿಲ್ಲುವವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ. ಡಿಪೋದಲ್ಲಿ ಭಾನುವಾರದ ಡ್ಯೂಟಿಯಲ್ಲಿದ್ದವನು ಎತ್ತಿದ.

"ನಾಗ್ ಮಾತಾಡ್ತಿರೋದು," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ. "ನಾಳೆ ಸ್ಕೂಲ್ ರನ್ನಿಗೆ ನನ್ನನ್ನು ಹಾಕಬೇಡಿ. ನನ್ನ ಬಲಗಣ್ಣು ಕಾಣುತ್ತಿಲ್ಲ." ಸ್ವಲ್ಪ ತಡೆದು ಹೇಳಿದ, "ಸ್ವಲ್ಪ ಕಾಲದಿಂದ ಕಾಣುತ್ತಿಲ್ಲ."

ಆ ಕಡೆಯವನು ಏನು ಹೇಳಿದನೋ ನನಗೆ ಕೇಳಲಿಲ್ಲ. ನಾಗರಾಜ ಎರಡು ಸಲ "ಯೆಸ್" ಎಂದ, ಒಂದು ಸಲ "ಐ ನೋ" ಎಂದ, ಫೋನು ಇಟ್ಟ. ಬಸ್ಸಿನ ಲೈಸೆನ್ಸು ಉಳಿಯುತ್ತದೋ ಇಲ್ಲವೋ, ಆಪರೇಷನ್ನಿನಿಂದ ಸರಿಯಾಗುತ್ತದೋ ಇಲ್ಲವೋ, ಇಬ್ಬರಿಗೂ ಗೊತ್ತಿರಲಿಲ್ಲ. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂತು. ಮಾರಿದ ಸಮಾಧಾನ ಸಾಕು ಎಂದು ನುಂಗಿಕೊಂಡೆ.

ದೂರದಲ್ಲಿ ಒಂದು ಹಸಿರು ಬೋರ್ಡು ಕಾಣಿಸಿತು. ಹೋಗುವಾಗ ಹೇಳುತ್ತಿದ್ದ ತಮಾಷೆಯ ಮಾತನ್ನು ಅವನು ಈ ಸಲ ಹೇಳಲಿಲ್ಲ. ಸೀಟಿಗೆ ತಲೆಯೊರಗಿಸಿ ಕೇಳಿದ.

"ಅಂಕಲ್, ಅದು ನನಗೆ ಕಾಣಿಸ್ತಿಲ್ಲ. ಏನು ಬರೆದಿದೆ?"

ಓದಿ ಹೇಳಿದೆ.